ಮೊಳಕ್ಕೆ ನಲವತ್ತೈದು ಕೋಟಿ

ಹಡಗಲಿಯ ಡಿಗ್ರಿ ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಪಾಲಾಕ್ಷಪ್ಪನವರಿಗೆ ಮೀಟರನ್ನು ನೂರು ಕೋಟಿ ಪಾಲು ಮಾಡುವ ನ್ಯಾನೋ ತಲೆಗೇರಿದ ಮೇಲೆ, ಕಣ್ಣಿಗೆ ಕಾಣುವ ಯಾವ ವಸ್ತುವಿನ ಮೇಲೂ ಗೌರವ ಉಳಿದಿಲ್ಲ. ಸಿಲಬಸ್ಸಿನಲ್ಲಿ ಅದಕ್ಕಿರುವುದು ಒಂದೇ ಪಾಠವಾದರೂ ಇವರು ಅದನ್ನು ಗಣಿತದ ಕ್ಲಾಸಿಗೂ ನುಗ್ಗಿಸಿದ್ದಾರೆ. ಸೀಮೆಸುಣ್ಣವನ್ನು ಅರ್ಧ, ಅರ್ಧದಲ್ಲಿ ಅರ್ಧ ಮುರಿಯುತ್ತಾ ಹೋಗಿ, ಕೊನೆಗೆ ಬರೆಯಲು ಏನೂ ಉಳಿಯದೆ, "ನ್ಯಾನೋ ಇನ್ನೂ ಭಾಳ ದೂರ ಐತ್ರಪ್ಪಾ" ಎಂದು ಕೈ ಕೊಡವುತ್ತಾರೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಅಂಜಿನಕ್ಕನ ಮುಂದೆ ನಿಂತು, "ನಲವತ್ತೈದು ಕೋಟಿ ನ್ಯಾನೋಮೀಟರ್ ಮಲ್ಲಿಗಿ ಕೊಡಕ್ಕ" ಅನ್ನುತ್ತಾರೆ. ಆಕೆ ನಗುವುದನ್ನೂ ಬಿಟ್ಟು, ಸುಮ್ಮನೆ ಮೊಣಕೈಯಿಂದ ಒಂದು ಮೊಳ ಅಳೆದು ಕೊಡುತ್ತಾಳೆ. ಮೊನ್ನೆ ವಿದ್ಯಾರ್ಥಿನಿ ದುರ್ಗಾ ಎದ್ದು ನಿಂತು, "ಕಾಣದ್ದನ್ನ ಹೆಂಗ ನಂಬೋದ್ರಿ ಸಾರ್?" ಎಂದಳು. ಗಂಟೆ ಹೊಡೆದರೂ ಮಾತು ನಿಲ್ಲಿಸದ ಮೇಷ್ಟ್ರು ಅಂದು ಗಂಟೆಗೆ ಮೊದಲೇ ಕ್ಲಾಸು ಬಿಟ್ಟರು. ಸಂಜೆ ತೊಂಬತ್ತು ಕೋಟಿ ಮಲ್ಲಿಗೆ ಕೊಂಡು, ದುರ್ಗಾಳನ್ನೂ ಅವಳ ಗೆಳತಿಯರನ್ನೂ ಮನೆಗೆ ಕರೆದೊಯ್ದು, ಉಸಿರೆತ್ತದಂತೆ ಸನ್ನೆ ಮಾಡಿ ಗೇಟಿನ ಹೊರಗೇ ನಿಲ್ಲಿಸಿದರು. ಒಳಗಿನಿಂದ, ಕಣ್ಣು ಹೋಗಿ ವರ್ಷಗಳಾದ ಹೆಂಡತಿ ಭಾಗ್ಯಮ್ಮನ ದನಿ ಬಂತು: "ಬಂದ್ರೇನ್ರಿ? ಇವತ್ತು ಹೂವಿನ ಘಮ ಜಾಸ್ತಿ ಐತಲ್ಲ, ಹೆಣ್ಮಕ್ಕಳನ್ನ ಕರಕೊಂಡು ಬಂದೀರೇನು?"