ಹಕಾರ ತಿದ್ದಿಕೊಳ್ಳುವ ಮರದ ವಕೀಲ

ಮೂಡಣ ಕೆಂಪೇರುವ ಹೊತ್ತು. ಶ್ರೀರಂಗಪಟ್ಟಣದ ಕಾವೇರಿ ದಂಡೆಯಲ್ಲಿ ಮರಿಯಯ್ಯ ಮೊಣಕಾಲುದ್ದ ನೀರಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಾನೆ. “ಹಲಸು, ಹುಣಸೆ, ಹೊಂಗೆ, ಹಿಪ್ಪೆ!” ಬಟ್ಟೆ ಒಗೆಯಲು ಬಂದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. ನಗಲಿ. ಪಂಚಾಯ್ತಿಯವರ ಮುಂದೆ ಹುಣಸೆಯನ್ನು ‘ಉಣ್ಸೆ’ ಎಂದುಬಿಡುವ ತನ್ನ ನಾಲಿಗೆಯ ಮೇಲೆ ಅವನಿಗೆ ವಿಪರೀತ ಸಿಟ್ಟು. ಅದಕ್ಕಿಂತ ಹೆಚ್ಚಿನ ಸಿಟ್ಟು, ತನ್ನಂತೆಯೇ ಮರದ ವ್ಯಾಜ್ಯಗಳನ್ನು ನಡೆಸುವ ದೇವಸ್ಥಾನದ ಬೀದಿಯ ಅನಂತರಾಮಯ್ಯನವರ ಮೇಲೆ. ಅವರ ಬಾಯಲ್ಲಿ ಒಂದು ಹಕಾರವೂ ತಪ್ಪುವುದಿಲ್ಲ.

ಮರಿಯಯ್ಯ ಮರದ ವಕೀಲ. ಪಟ್ಟಣದಲ್ಲಿ ವಕೀಲರೆಂದರೆ ಸುಲ್ತಾನರ ಪರವಾಗಿ ದೂರದ ಆಸ್ಥಾನಗಳಿಗೆ ಹೋಗುವವರು; ಇವನಿಗೆ ಜನ ಆ ಹೆಸರು ಕಟ್ಟಿದ್ದು ತಮಾಷೆಗೆ. ಹುಟ್ಟಿದ್ದು ಬೂಕನಕೆರೆಯ ಬಡಗಿ ಮನೆಯಲ್ಲಿ. ತೊಲೆಗೆಂದು ಮರ ಕೊಳ್ಳಲು ಹೋದಲ್ಲೆಲ್ಲ ಅಣ್ಣತಮ್ಮಂದಿರು ಅದು ತನ್ನದು, ತನ್ನದು ಎಂದು ಕಿತ್ತಾಡುತ್ತಿದ್ದರು. ಜಗಳ ಮುಗಿಯದೆ ಕೊಡಲಿ ಹಾಕುವಂತಿರಲಿಲ್ಲ. ಬಗೆಹರಿಸುತ್ತ ಬಗೆಹರಿಸುತ್ತ ಉಳಿ ಮೂಲೆ ಸೇರಿತು. ಈಗ ಹಿರೋಡೆಯಿಂದ ನಾಗಮಂಗಲದವರೆಗೆ ಬದುವಿನ ಮರ, ಬೇಲಿ ದಾಟಿದ ಕೊಂಬೆ, ಪಕ್ಕದ ಹೊಲಕ್ಕೆ ಬಿದ್ದ ಕಾಯಿ, ಎಲ್ಲಕ್ಕೂ ನಡೆದೇ ಹೋಗುತ್ತಾನೆ.

“ಅವ್ರ್ಗೆ ಗಾಡಿ ಕಟ್ತಾರೆ, ಮಣೆ ಆಕ್ತಾರೆ, ಮಜ್ಜಿಗೆ ಕೊಡ್ತಾರೆ. ನಂಗೆ ‘ಬಂದ್ಯಾ, ಕೂತ್ಕಳ್ಲಾ’ ಅಂತಾರೆ. ಅವ್ರೇನು ಒಂದಿನ ಮರ ಅತ್ತವ್ರಾ?” ಎಂದು ಅನಂತರಾಮಯ್ಯನವರ ಬಗ್ಗೆ ಗೊಣಗುತ್ತಾನೆ.

ಕ್ಯಾತನಹಳ್ಳಿಯ ನಿಂಗಮ್ಮನೂ ಮೊದಲು ಹೋದದ್ದು ಅವರ ಮನೆಗೇ. ಅವರು ಊರಲ್ಲಿಲ್ಲವೆಂದು ಇವನ ಬಾಗಿಲಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಮಕ್ಕಳೊಂದಿಗೆ ಅವಳು ಬೇಸಿಗೆ ಕಳೆಯುವುದು ಒಂದು ಹಲಸಿನ ಮರವನ್ನು ನಂಬಿ. ಮೈದುನ ಚಿಕ್ಕಯ್ಯ ಅದು ತನ್ನದೆನ್ನುತ್ತಾನೆ. ಅವಳ ಮಾವ ಬಾಯಿಮಾತಿನಲ್ಲೇ ಹೊಲ ಹಂಚುವಾಗ ಹಿರಿಮಗನ, ಎಂದರೆ ಅವಳ ಗಂಡನ, ಪಾಲು ‘ಆಲದ ಮರದ ಗಂಟ’, ಆ ಮರದವರೆಗೆ, ಎಂದಿದ್ದರಂತೆ. ನಿಂಗಮ್ಮನ ಗುಡಿಸಲಿಂದ ನೋಡಿದರೆ ಆಲ ಹಲಸಿಗಿಂತ ಈಚೆಗಿದೆ. ಅಲ್ಲಿಗೆ ಹಲಸು ಚಿಕ್ಕಯ್ಯನ ಪಾಲಾಯಿತು. ಮರಿಯಯ್ಯ ಆ ಆಲವನ್ನು ಸುತ್ತಿ ಸುತ್ತಿ ಸುಸ್ತಾದ, ದಾರಿ ಕಾಣಲಿಲ್ಲ.

ಇವತ್ತು ಆ ಹೊಲದ ಬದುವಿನಲ್ಲೇ ಪಂಚಾಯ್ತಿ. ಹಂಚಿಕೆಗೆ ಸಾಕ್ಷಿಯಾಗಿದ್ದ ಮುದುಕ ದ್ಯಾವಯ್ಯನೂ ಅದನ್ನೇ ಹೇಳುತ್ತಾನೆ: “ಆಲದ ಮರದ ಗಂಟ ದೊಡ್ಡೋನ್ದು.” ಮರಿಯಯ್ಯ ಎದ್ದು, ಥೇಟ್ ಅನಂತರಾಮಯ್ಯನವರ ಹಾಗೆ ಎದೆ ಸೆಟೆಸಿ, ಬೇಡದ ಕಡೆಗೂ ಹಕಾರ ತುರುಕಿ ಕೂಗುತ್ತಾನೆ: “ಹಾಲದ ಮರದವರೆಗೆ!”

ಕೂಗಿ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಯಾರೋ ಕಿಸಕ್ಕನೆ ನಗುತ್ತಾರೆ. ದ್ಯಾವಯ್ಯ ಮಾತ್ರ ತಲೆಯಾಡಿಸುತ್ತಾನೆ. “ಊಂ ಕಣಪ್ಪ, ಅದೇ. ಬಿಳ್ಲು ಬುಡೋ ಆಲ ಅಲ್ಲ. ಬೊಂಬೆ ಮಾಡಕ್ಕೆ ಒಯ್ತಾರಲ್ಲ, ಆ ಬಿಳೀ ಮರ. ಅಗಾ, ಅಲಸಿನ ಆಚೆಗದೆ ನೋಡಿ.”

ಊರವರ ಬಾಯಲ್ಲಿ ಹಾಲವೂ ಆಲ, ಆಲವೂ ಆಲ. ಯಾವ ಆಲ ಎಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಮರಿಯಯ್ಯನಿಗೂ. ಹಲಸು ನಿಂಗಮ್ಮನದೆಂದು ಹಿರಿಯರು ಹೇಳುತ್ತಾರೆ. ಚಿಕ್ಕಯ್ಯ ಹೆಗಲ ವಲ್ಲಿ ಕೊಡವಿ ಎದ್ದು ಹೋಗುತ್ತಾನೆ.

ನಿಂಗಮ್ಮ ಅಳುತ್ತಲೇ ಕೈ ಮುಗಿಯುತ್ತಾಳೆ. “ನನ್ ಮಕ್ಳ ಒಟ್ಟೆ ಕಾಪಾಡ್ಬುಟ್ರಿ ಕಣಪ್ಪ. ಅನಂತರಾಮಯ್ನೋರೇ ಬಂದು ಮಾತಾಡ್ದಂಗಿತ್ತು!”

ಗೆದ್ದವನ ಮುಖ ಸಪ್ಪಗಾಗುತ್ತದೆ. ಅವಳು ಕೊಟ್ಟ ಹಲಸಿನ ಹಣ್ಣನ್ನು ಹೆಗಲಿಗೇರಿಸಿ ಪಟ್ಟಣದ ದಾರಿ ಹಿಡಿಯುತ್ತಾನೆ. ಇನ್ನೇನು ಆಸೆ ಮರಿಯಯ್ಯ ಎಂದರೆ, ನಡೆಯುತ್ತಲೇ ಹೇಳುತ್ತಾನೆ:

“ನಂಗೇನ್ ಬೇಕು ಬುಡಿ. ಒಂದೇ ಒಂದ್ಸಲ, ಅವ್ರು ಉಣ್ಣಕ್ಕೆ ಕೂತಾಗ ನನ್ನೆಸ್ರು ಕಿವಿಗ್ ಬಿದ್ದು, ತುತ್ತು ಗಂಟ್ಲಲ್ಲೇ ನಿಂತ್ಕಬೇಕು.”