ಏಸಿ ತೊಳೆಯುವ ಮುಂಚೆ ಆಡಬೇಕಾದ ಮಾತು

ಕೆಲಸದ ಮೇಲಿದ್ದಾಗ ನಾನು ಮಾತಾಡುವವನಲ್ಲ. ಬಹಳ ವರ್ಷ ಇದನ್ನೊಂದು ದೊಡ್ಡ ಗುಣವೆಂದೇ ತಿಳಿದಿದ್ದೆ. ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಇಂದು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಏಸಿ ರಿಪೇರಿಗೆ ಹೆಸರು ಹಿಡಿದು ಕರೆಯುತ್ತಾರೆ. ಇಂಜಿನಿಯರರ ಮನೆಯವರೂ ಕರೆಯುತ್ತಾರೆ. ಅಂದು ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತೇನೆ.

ಏಸಿ ತಂಪನ್ನು ಹುಟ್ಟಿಸುತ್ತದೆ ಎಂದು ಜನ ನಂಬಿದ್ದಾರೆ. ಇಲ್ಲ, ಅದು ಬರೀ ಹಮಾಲ. ಮನೆಯೊಳಗಿನ ಸೆಕೆಯನ್ನು ಹೊತ್ತು ಹೊರಗೆ ಚೆಲ್ಲಿ ಬರುವುದೇ ಅದರ ದುಡಿಮೆ. ಭತ್ತದ ರಾಶಿಯ ಕಾಲಕ್ಕೆ ನಮ್ಮ ಕಡೆಯ ಧೂಳು ಅದರ ಗಾಳಿ ಸೋಸುವ ಜಾಳಿಯನ್ನು ಕಂಬಳಿಯಂತೆ ಮುಚ್ಚಿಬಿಡುತ್ತದೆ. ಮೂಗು ಕಟ್ಟಿದ ಹಮಾಲ ಎಷ್ಟು ಚೀಲ ಹೊತ್ತಾನು? ಹದಿನೈದು ದಿನಕ್ಕೊಮ್ಮೆ ಜಾಳಿ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿರೆಂದು ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಒಬ್ಬರು ಟ್ರ್ಯಾಕ್ಟರ್ ತೊಳೆಯುವ ಪಂಪನ್ನೇ ಹಿಡಿದು, ಹೊರಗಿನ ಯೂನಿಟ್ಟಿನ ತೆಳ್ಳನೆಯ ರೆಕ್ಕೆಗಳನ್ನೆಲ್ಲ ಮಲಗಿಸಿಟ್ಟಿರುತ್ತಾರೆ.

ಇಷ್ಟೆಲ್ಲ ತಿಳಿದ ನಾನೇ ಮುಕ್ಕುಂದ ಎಂಬ ಹಳ್ಳಿಯಲ್ಲಿ ಜೀವಕ್ಕೆ ಎರವಾಗುತ್ತಿದ್ದೆ.

ಕಾಲುವೆ ಕಡೆಯ ನಮ್ಮ ಊರುಗಳಲ್ಲಿ ಕರೆಂಟು ಪೂರ್ತಿ ಹೋಗುವುದು ಕಡಿಮೆ. ಮೂರು ಫೇಸುಗಳಲ್ಲಿ ಒಂದು ಹೋಗಿ ಎರಡು ಉಳಿದಿರುತ್ತವೆ. ಅದಕ್ಕೇ ಮೀಟರಿನ ಪಕ್ಕ ತಿರುವುವ ಸ್ವಿಚ್ಚೊಂದಿರುತ್ತದೆ. ಫ್ಯಾನು ನಿಂತರೆ ಬಾಯಿಗಿಂತ ಮೊದಲು ಕೈ ಅಲ್ಲಿಗೆ ಹೋಗಿ, ಸತ್ತ ಫೇಸಿನಿಂದ ಬದುಕಿದ ಫೇಸಿಗೆ ತಿರುವುತ್ತದೆ. ಕೂಸುಗಳಿಗೂ ಇದು ರೂಢಿ.

ಅಂದು ಏಸಿ ತೊಳೆಯಲು ಹೋಗಿದ್ದ ಅಮರೇಗೌಡರ ಮನೆಯಲ್ಲಿ ಅದರ ಸ್ವಂತ ಸ್ವಿಚ್ಚು ಸುಟ್ಟು ಅಂಟಿಕೊಂಡಿತ್ತು. ಹಾಗಾಗಿ ಆ ತಿರುವುವ ಸ್ವಿಚ್ಚನ್ನೇ ತಿರುವಿ ಇಡೀ ಮನೆಯ ಕರೆಂಟು ಬಂದ್ ಮಾಡಿದೆ. ಯಾರಿಗೂ ಹೇಳಲಿಲ್ಲ. ಹೊರಗೋಡೆಗೆ ಹೋಗಿ ಯೂನಿಟ್ಟಿನ ಮುಚ್ಚಳ ಬಿಚ್ಚಿ, ಟೆಸ್ಟರ್ ಹಚ್ಚಿ ನೋಡಿದೆ. ಕರೆಂಟಿರಲಿಲ್ಲ. ಗಾಡಿಯಲ್ಲಿದ್ದ ಪಕ್ಕಡ್, ಅಂದರೆ ಇಕ್ಕಳ, ತರಲು ಹೋಗಿ ಬಂದು, ಟೆಸ್ಟರ್ ಮತ್ತೆ ಹಚ್ಚದೆ ವಾಯರು ಬಿಚ್ಚಲು ಕೈ ಚಾಚಿದೆ. ಬೆರಳಿಗೂ ವಾಯರಿಗೂ ನಾಲ್ಕು ಅಂಗುಲ ಇದ್ದಾಗ ಕಿಟಕಿಯೊಳಗಿನಿಂದ ಏಸಿ "ಪೀಂ" ಎಂದಿತು. ಕರೆಂಟು ಬಂದಾಗ ಅದು ಹಾಗೆ ಕೂಗುತ್ತದೆ.

ಮೈ ತಣ್ಣಗಾಯಿತು. ಏಸಿಯಿಲ್ಲದೆ ಅಷ್ಟು ತಣ್ಣಗಾದದ್ದು ಅದೊಂದೇ ಸಲ. ಒಳಗೆ ಓಡಿದೆ.

"ಯಾರ್ರೀ ಸ್ವಿಚ್ ತಿರುವಿದ್ದು?"

ಗೌಡರ ತಾಯಿ ಗಂಗಮ್ಮ ಫ್ಯಾನಿನ ಕೆಳಗೆ ಹೆಮ್ಮೆಯಿಂದ ನಿಂತಿದ್ದರು. "ನಾನ ತಿರುವೀನಿ. ಒಂದ್ ಫೇಸ್ ಹೋಗಿತ್ತು. ನೀ ಕೆಲಸ ಮಾಡಾಕತ್ತೀದಿ, ಕರೆಂಟ್ ಬೇಕಾಗ್ತೈತಿ ಅಂತ ಇನ್ನೊಂದಕ್ಕ ಹಾಕೀನಿ."

"ಅವ್ವಾ, ನಾನ ಬಂದ್ ಮಾಡಿದ್ದೆ. ಒಂದ್ ಗಳಿಗಿ ತಡಾ ಆಗಿದ್ರ ನಾ ಹೋಗೇಬಿಡ್ತಿದ್ದೆ."

ಅವ್ವ ಗೋಡೆ ಹಿಡಿದು ಕೂತರು. ಕೂತಲ್ಲಿಂದಲೇ ಸಿಟ್ಟು ಏರಿತು. "ಬಾಯಿ ಇಲ್ಲೇನಲೇ ನಿನಗ? 'ಬಂದ್ ಮಾಡೀನಿ, ಮುಟ್ಟಬ್ಯಾಡ್ರಿ' ಅಂದಿದ್ರ ನಾಲಿಗಿ ಸವೀತಿತ್ತೇನು? ನಿನ್ನ ಜೀವಾ ನನ್ನ ಕೈಯಾಗ ಇಟ್ಟು, ನನಗ ಹೇಳದಂಗ ಹೋಗೀಯಲ್ಲ!"

ಹೇಳಿಬಿಟ್ಟರೆ ನನ್ನ ವಿದ್ಯೆ ಕರಗಿಹೋಗುತ್ತದೆ ಎಂಬಂತೆ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಮುಟ್ಟಬೇಡಿ ಎಂದು ಹೇಳಲು ಯಾವ ತರಗತಿಯೂ ಪಾಸಾಗಬೇಕಿಲ್ಲ.

ಮತ್ತೆ ಬಂದ್ ಮಾಡಿದೆ. ಈ ಸಲ ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡು, ಮನೆಮಂದಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಅವ್ವ ಅಷ್ಟಕ್ಕೂ ಒಪ್ಪದೆ, ಮೀಟರಿನ ಕೆಳಗೆ ಕುರ್ಚಿ ಹಾಕಿ ಕೂತೇಬಿಟ್ಟರು. ಹೊಲದಿಂದ ಬಂದ ಗೌಡರು ಫ್ಯಾನು ನಿಂತಿದ್ದು ಕಂಡು ರೂಢಿಯಂತೆ ಕೈ ಎತ್ತಿದರೋ ಇಲ್ಲವೋ, ಪಟ್ಟನೆ ಏಟು ಬಿದ್ದ ಸದ್ದು ನನಗೆ ಹೊರಗೆ ಕೇಳಿಸಿತು.

"ಮುಟ್ಟಿದಿ ಅಂದ್ರ ಕೈ ಮುರೀತೀನಿ! ಅಲ್ಲಿ ಮನಷ್ಯಾ ಅದಾನ."

ಪ್ರತಿ ವಾಯರಿಗೂ ಟೆಸ್ಟರ್ ಹಚ್ಚಿ, ಕರೆಂಟು ಹೋದರೂ ಅದನ್ನು ಒಳಗೆ ಹಿಡಿದಿಟ್ಟುಕೊಳ್ಳುವ ಕೆಪ್ಯಾಸಿಟರನ್ನು ಬರಿದು ಮಾಡಿ, ರೆಕ್ಕೆಗಳ ಮೇಲೆ ಮೆಲ್ಲಗೆ ನೀರು ಬಿಟ್ಟು ತೊಳೆದೆ. ನನ್ನ ಬೆನ್ನನ್ನು ಒಬ್ಬರು ಕಾಯುತ್ತಿದ್ದಾರೆಂಬ ನೆಮ್ಮದಿಯಲ್ಲಿ ಕೈ ಎಂದೂ ಇಲ್ಲದಷ್ಟು ನಿಧಾನವಾಗಿತ್ತು. ಕೊನೆಗೆ ಕಾವಲುಗಾರ್ತಿಯೇ ಒಳಗಿನಿಂದ ಕೂಗಿದರು:

"ಸಾವಕಾಶ ಮಾಡಪಾ, ನಿನ್ನ ಜೀವಾ ಮುಖ್ಯ. ಆದ್ರ ಭಾಳ ಸಾವಕಾಶ ಮಾಡಬ್ಯಾಡ, ಸೆಕಿಗೆ ಇಲ್ಲಿ ನನ್ನ ಜೀವಾ ಹೋಗಾಕತ್ತೈತಿ!"