ಕೂತ ಹೆಣಕ್ಕೆ ತೋಡಿದ ಗುಂಡಿ

ಶಿಕಾರಿಪುರದ ಕ್ರೈಸ್ತ ಸಭೆಯ ಉಪದೇಶಿ ತೋಟಪ್ಪನಿಗೆ ತನ್ನ ಪಾಠ ಕಂಠಪಾಠವಾಗಿತ್ತು. ದೇವರು ಒಬ್ಬನೇ, ಅವನ ಮಗ ಯೇಸು ಮನುಷ್ಯನಾಗಿ ಬಂದ, ನಮ್ಮ ಪಾಪಕ್ಕಾಗಿ ಸತ್ತ, ಮೂರನೆಯ ದಿನ ಎದ್ದ, ನಂಬಿದವರೂ ಏಳುತ್ತಾರೆ. ಅಷ್ಟಕ್ಕೇ ನಿಲ್ಲುವ ಆಸಾಮಿಯಲ್ಲ. ವಿಭೂತಿ ಬಿಡು, ಹಬ್ಬದೂಟ ಬಿಡು, ಹೆಣ ಕೂರಿಸಬೇಡ ಎಂದು ಸೇರಿಸುತ್ತಲೇ ಹೋಗುತ್ತಿದ್ದ. ಉಡುತಡಿಯಲ್ಲಿ ಸ್ವಂತ ಅಪ್ಪನನ್ನು ಲಿಂಗಾಯತರ ಪದ್ಧತಿಯಂತೆ ಕೂರಿಸಿ ಹೂಳಿದಾಗ, ಹಿಡಿ ಮಣ್ಣು ಹಾಕದೆ ಬೇಲಿಯಾಚೆ ನಿಂತು ಬಂದವನು.

ಅವನಿಂದ ಕಲಿತು ದೀಕ್ಷಾಸ್ನಾನ ಪಡೆದ ನೀಲಾಂಬಿಕ ೧೯೫೮ರ ಬೇಸಿಗೆಯ ಒಂದು ನಸುಕಿನಲ್ಲಿ ತೀರಿಕೊಂಡಳು. ಲಿಂಗ ತೆಗೆದಿಟ್ಟವಳಿಗೆ ಕುಲದ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂದು ಬಂಧುಗಳು ಬೆಳಿಗ್ಗೆಯೇ ಹೇಳಿಹೋದರು. ಸೊಸೆ ಯಮುನಮ್ಮ ಯೇಸುವನ್ನು ನಂಬಿದವಳಲ್ಲ. ಮನೆತನದ ರೂಢಿಯಂತೆ ಅತ್ತೆಯನ್ನು ಚಕ್ಕಳಮಕ್ಕಳ ಕೂರಿಸಿ, ಜಗಲಿಯ ಗೋಡೆಗೆ ಒರಗಿಸಿ, ಸೀರೆಯಿಂದ ಕಟ್ಟಿದ್ದಳು. ಸೊರಬಕ್ಕೆ ಹೋಗಿದ್ದ ತೋಟಪ್ಪ ಬಸ್ಸಿಳಿದು ಬರುವಷ್ಟರಲ್ಲಿ ಮಧ್ಯಾಹ್ನ. ಹೆಣ ಹಾಗೇ ಸೆಟೆದಿತ್ತು. ಸಭೆಯ ಜಾಗದಲ್ಲಿ ಉದ್ದನೆಯ ಗುಂಡಿ ತೋಡಿಯಾಗಿತ್ತು. ಪಾದ್ರಿ ಇದ್ದದ್ದು ಶಿವಮೊಗ್ಗದಲ್ಲಿ, ತೀರ್ಮಾನ ಇವನದೇ.

"ಮಲಗಿಸ್ರೀ. ಇಲ್ಲಾಂದ್ರೆ ನಮ್ಮ ಜಾಗದಾಗೆ ಬ್ಯಾಡ," ಎಂದ ಸಭೆಯ ಹಿರಿಯ ಸದಾಶಿವಪ್ಪ.

"ಮಂಡಿ ಮುರೀಬೇಕಾಗ್ತದಲ್ರೀ," ಎಂದ ತೋಟಪ್ಪ.

"ಮುರೀರಿ. ಸತ್ತೋರಿಗೆ ನೋವೇನು? ಕುಂತೋಳು ಕಡೇ ದಿನ ಹೆಂಗೆ ಏಳ್ತಾಳೆ?"

ಯಮುನಮ್ಮ ಸಿಡಿದಳು. "ಮಲಗಿದೋರಿಗಿಂತ ಕುಂತೋರೇ ಬೇಗ ಏಳ್ತಾರೆ ಕಣ್ರೀ! ನಮ್ಮತ್ತೀನ ಮುಟ್ಟಿ ನೋಡ್ರಿ, ಒನಕೆ ತಗೊಂತೀನಿ."

ಸದಾಶಿವಪ್ಪ ಕಣ್ಸನ್ನೆ ಮಾಡಿದ. ಇಬ್ಬರು ಗಂಡಸರು ಟವೆಲ್ ಸೊಂಟಕ್ಕೆ ಬಿಗಿದು ಹೆಣದ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಬ್ಬನ ಅಂಗೈ ಮಂಡಿಯ ಮೇಲೆ ಬಿತ್ತು.

ದೀಕ್ಷೆಯ ಹಿಂದಿನ ದಿನ ಇದೇ ಜಗಲಿಯಲ್ಲಿ ನೀಲಾಂಬಿಕ ಕೇಳಿದ್ದಳು: "ನಿಮ್ಮ ಪಾಠದಾಗೆ ಯಾವುದು ಬಿಟ್ರೆ ಯೇಸೂನ ಬಿಟ್ಟಂಗೆ, ಯಾವುದು ಬಿಟ್ರೆ ನಿಮ್ಮ ಮಾತು ಬಿಟ್ಟಂಗೆ?" ಆಗ ತೋಟಪ್ಪ ಅವಳ ಬಾಯಿ ಮುಚ್ಚಿಸಿದ್ದ. ಈಗ ಅವಳ ಬಾಯಿ ತಾನೇ ಮುಚ್ಚಿತ್ತು. ಪ್ರಶ್ನೆ ಮಾತ್ರ ಉಳಿದಿತ್ತು.

"ಕೈ ತೆಗೀರಲೇ!" ಎಂದು ತೋಟಪ್ಪ ಗದರಿದ.

ಇಬ್ಬರೂ ಬೆಚ್ಚಿ ಎದ್ದರು.

"ಸದಾಶಿವಪ್ನೋರೆ, ಯೇಸು ಸತ್ತು ಎದ್ದ ಅಂತ ಈಕೆ ನಂಬಿದ್ಲೋ ಇಲ್ವೋ?"

"ನಂಬಿದ್ಲು. ಆದ್ರೆ..."

"ಮುಗೀತಲ್ರೀ. ಅದನ್ನ ಬಿಟ್ರೆ ನಾವು ಕ್ರೈಸ್ತರೇ ಅಲ್ಲ. ಕಾಲು ಚಾಚೋದನ್ನ ಪಾಠಕ್ಕೆ ಸೇರಿಸಿದೋನು ನಾನು, ಯೇಸು ಅಲ್ಲ."

"ನಿಮ್ಮ ಉಪದೇಶಿ ಕೆಲಸ ಉಳಿಯಂಗಿಲ್ಲ, ನೋಡ್ಕೊಳ್ರಿ."

ತೋಟಪ್ಪ ಗುದ್ದಲಿ ಹಿಡಿದು ಸಭೆಯ ಜಾಗಕ್ಕೆ ನಡೆದು ಗುಂಡಿಗೆ ಇಳಿದ. ಅದು ಸೊಂಟದಾಳವಿತ್ತು. ಒಂದು ತುದಿಯನ್ನು ಕತ್ತು ಮುಳುಗುವಷ್ಟು ಅಗೆದ, ಅಂಗೈ ಸುಲಿಯಿತು. ನೀಲಾಂಬಿಕಳನ್ನು ಕೂತ ಹಾಗೇ ಇಳಿಸಿ, ಪುನರುತ್ಥಾನದ ಮಾತು ಓದಿದ. ಮೊದಲ ಹಿಡಿ ಮಣ್ಣು ಯಮುನಮ್ಮನದು, ಎರಡನೆಯದು ಅವನದು.

ಸದಾಶಿವಪ್ಪ ಬೇಲಿಯಾಚೆಯೇ ನಿಂತಿದ್ದ. ಅಲ್ಲಿ ನಿಲ್ಲುವುದು ಎಂಥದೆಂದು ತೋಟಪ್ಪನಿಗೆ ಗೊತ್ತಿತ್ತು. "ಬನ್ರೀ, ಮಣ್ಣು ಹಾಕ್ರಿ," ಎಂದು ಒಮ್ಮೆ ಕರೆದ. ಅವನು ಬರಲಿಲ್ಲ. ತೋಟಪ್ಪ ಮತ್ತೆ ಕರೆಯಲಿಲ್ಲ.

ಆಷಾಢದೊಳಗೆ ತೋಟಪ್ಪನ ಕೆಲಸ ಹೋಯಿತು.